ಮನೆಯೊಳಗಿನ ಕಾರ್ಣಿಕ

ದಸರೆ ಬಂತೆಂದರೆ ರಾಣೇಬೆನ್ನೂರು ತಾಲ್ಲೂಕಿನ ನಮ್ಮ ದೇವರಗುಡ್ಡಕ್ಕೆ ಜನ ಹರಿದು ಬರುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಸಾವಿರಾರು ಜನರ ಗದ್ದಲ ನಿಲ್ಲುತ್ತದೆ. ಆತ ನುಡಿಯುವುದು ಒಂದೇ ಮಾತು. ಅದೇ ಮಾಲತೇಶ ದೇವರ ಕಾರ್ಣಿಕ. ರೈತ ಅದರಲ್ಲಿ ಮಳೆ-ಬೆಳೆ ಹುಡುಕುತ್ತಾನೆ, ರಾಜಕಾರಣಿ ಕುರ್ಚಿ ಹುಡುಕುತ್ತಾನೆ. ಒಂದು ಮಾತಿಗೆ ಹತ್ತು ಅರ್ಥ. ವರ್ಷ ಕಳೆದರೆ ಹೊಸ ಕಾರ್ಣಿಕ.

ನಮ್ಮ ಮನೆಗಳಲ್ಲೂ ಕಾರ್ಣಿಕ ನಡೆಯುತ್ತದೆ. ಅದಕ್ಕೆ ಬಿಲ್ಲೂ ಬೇಡ, ಉಪವಾಸವೂ ಬೇಡ. ‘ಇವ ಮೊಂಡ’, ‘ಇಕಿ ಅಂಜುಬುರುಕಿ’ ಎಂದು ಹಿರಿಯರು ನುಡಿದುಬಿಡುತ್ತಾರೆ. ಈ ಮಾತಿಗೆ ಎರಡನೇ ಅರ್ಥವಿಲ್ಲ, ಮುಂದಿನ ವರ್ಷ ಬದಲಾಗುವುದೂ ಇಲ್ಲ.

ಆರು ವರ್ಷದ ನನ್ನ ಮೊಮ್ಮಗಳು ಶಾಲೆಯ ಹಾಡಿನ ಗುಂಪಿಗೆ ಹೆಸರು ಕೊಟ್ಟಿರಲಿಲ್ಲ. ಯಾಕವ್ವಾ ಎಂದು ಕೇಳಿದೆ. ‘ನಾ ಅಂಜುಬುರುಕಿ ಅಲ್ಲೇನಜ್ಜಾ?’ ಎಂದಳು. ಮನೆಯಲ್ಲಿ ಅವಳು ದಿನವಿಡೀ ಹಾಡುತ್ತಾಳೆ. ಆದರೆ ತನ್ನ ಬಗ್ಗೆ ಕೇಳಿದ ಮಾತೇ ಅವಳಿಗೆ ತನ್ನ ಹೆಸರಿನಂತಾಗಿತ್ತು.

ಸುಮಾರು ಒಂದೂವರೆ-ಎರಡು ವರ್ಷಕ್ಕೆ ಮಗು ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ತಿಳಿಯುತ್ತದೆ. ಆಮೇಲೆ ಅದಕ್ಕೆ ಇನ್ನೊಂದು ಕನ್ನಡಿ ಸಿಗುತ್ತದೆ, ಸುತ್ತಲಿನವರ ಕಣ್ಣು. ಅವರು ನನ್ನನ್ನು ಹೇಗೆ ಕಾಣುತ್ತಾರೆ ಎಂಬ ಊಹೆಯಿಂದಲೇ ‘ನಾನು’ ರೂಪುಗೊಳ್ಳುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲೇ ಬರೆದರು.

ಹಾಗಾದರೆ ಹುಟ್ಟುಗುಣ ಇಲ್ಲವೇ? ಇದೆ. 1956ರಿಂದ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ ನೂರಕ್ಕೂ ಹೆಚ್ಚು ಮಕ್ಕಳನ್ನು ಕೂಸಿನಿಂದ ಅವರು ದೊಡ್ಡವರಾಗುವವರೆಗೂ ಗಮನಿಸಿದರು. ನೂರರಲ್ಲಿ ಸುಮಾರು 15 ಮಕ್ಕಳು ಹೊಸದನ್ನು ಕಂಡರೆ ಮೊದಲು ಹಿಂದೆ ಸರಿದು, ಮೆಲ್ಲಗೆ ಒಗ್ಗಿಕೊಳ್ಳುವವರು. ಸುಮಾರು 35 ಮಕ್ಕಳು ಯಾವ ಗುಂಪಿಗೂ ಪೂರ್ತಿ ಸೇರಲಿಲ್ಲ. ಮಗುವಿನ ಗುಣಕ್ಕೂ ಮನೆಯವರ ನಡೆಗೂ ಹೊಂದಿಕೆ ಇದೆಯೇ ಎಂಬುದೇ ಮುಖ್ಯ ಎಂದರು ಅವರು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಇದು ಹೀಗೆ ಅರ್ಥವಾಗುತ್ತದೆ: ಹುಟ್ಟುಗುಣ ಆರಂಭದ ಶಿಲ್ಕು ಮಾತ್ರ. ಜಮೆ, ಖರ್ಚು ದಿನವೂ ನಡೆಯುತ್ತಿರುತ್ತದೆ. ಮೊದಲ ಪುಟ ನೋಡಿ ಯಾರೂ ಖಾತೆ ಮುಗಿಸುವುದಿಲ್ಲ.

ಈಗ ನಮ್ಮ ಮನೆಯಲ್ಲಿ ‘ಅಂಜುಬುರುಕಿ’ ಎನ್ನುವುದಿಲ್ಲ. ‘ಇವತ್ತು ಅಂಜಿಕೆ ಬಂತೇನು? ಸ್ವಲ್ಪ ಹೊತ್ತು ನೋಡು, ಆಮೇಲೆ ಹೋಗು’ ಎನ್ನುತ್ತೇವೆ. ಅವಳಿನ್ನೂ ಹಾಡಿನ ಗುಂಪಿಗೆ ಸೇರಿಲ್ಲ. ಆದರೆ ಮೊನ್ನೆ ಬಾಗಿಲಲ್ಲಿ ನಿಂತು ಕೇಳಿ ಬಂದಳಂತೆ.

ಮಕ್ಕಳೇ, ನಿಮ್ಮನ್ನು ಯಾರಾದರೂ ‘ನೀನು ಹೀಗೇ’ ಎಂದರೆ ಜಗಳಾಡಬೇಡಿ. ‘ಇವತ್ತು ಹೀಗಿದ್ದೆ’ ಎಂದಷ್ಟೇ ಹೇಳಿ.