ಚಿಂದಿ, ಎಣ್ಣೆ ಮತ್ತು ನಮ್ಮ ತಪ್ಪು

ಎನ್‌ಸಿಸಿ ಕ್ಯಾಂಪಿಗೆ ಹೋಗಿ ಬಂದವರನ್ನು ಕೇಳಿ, ಎಲ್ಲರೂ ಫೈರಿಂಗ್ ಕತೆ ಹೇಳ್ತಾರೆ. ಫೈರಿಂಗ್ ಆದ್ಮೇಲೆ ರೈಫಲ್ ಕ್ಲೀನ್ ಮಾಡಿದ ಕತೆ ಯಾರೂ ಹೇಳಲ್ಲ. ನಾವು ಹೇಳ್ತೀವಿ, ಯಾಕಂದ್ರೆ ಅಲ್ಲಿ ತಪ್ಪು ಮಾಡಿದ್ದು ನಾವೇ.

ನಮ್ಮ ಕೈಗೆ ಬಂದಿದ್ದು 7.62 ಎಂಎಂ ಎಸ್‌ಎಲ್‌ಆರ್, ಅಂದ್ರೆ ಸೆಲ್ಫ್ ಲೋಡಿಂಗ್ ರೈಫಲ್. ಟ್ರಿಗರ್ ಒಂದು ಸಲ ಒತ್ತಿದರೆ ಒಂದೇ ಗುಂಡು, ಮುಂದಿನದನ್ನು ರೈಫಲ್ಲೇ ತುಂಬಿಕೊಳ್ಳುತ್ತದೆ. ಬ್ಯಾರಲ್‌ನಲ್ಲಿ ಗುಂಡಿನ ಹಿಂದೆ ಓಡುವ ಗ್ಯಾಸಿನಲ್ಲಿ ಸ್ವಲ್ಪ, ಸಣ್ಣ ತೂತಿನಿಂದ ಮೇಲಿನ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಬ್ರೀಚ್ ಬ್ಲಾಕ್ ಹಿಂದೆ ಸರಿದು ಖಾಲಿ ಕೇಸನ್ನು ಹೊರಗೆಸೆಯುತ್ತದೆ. ಬಟ್ಟಿನೊಳಗಿನ ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುವಾಗ ಹೊಸ ಗುಂಡು ಚೇಂಬರ್ ಸೇರುತ್ತದೆ. ಥರ್ಮೋ ಕ್ಲಾಸಲ್ಲಿ ನಿದ್ದೆ ಹೊಡೆದವರಿಗೂ ಇಷ್ಟು ಅರ್ಥ ಆಗುತ್ತೆ.

ಮೊದಲ ದಿನದ ಫೈರಿಂಗ್ ಮುಗಿದಾಗ ಕತ್ತಲಾಗ್ತಿತ್ತು, ಊಟದ ಸೀಟಿ ಆಗಿತ್ತು. ಉಸ್ತಾದ್ ಹೇಳಿಕೊಟ್ಟಿದ್ದರು: ಬ್ಯಾರಲ್ ಉಜ್ಜೋ ಚಿಂದಿ 4 ಇಂಚು ಉದ್ದ 2 ಇಂಚು ಅಗಲ, ಎಣ್ಣೆ ಹಚ್ಚೋ ಚಿಂದಿ ಒಂದೂವರೆ ಇಂಚು ಅಗಲ. ಉಜ್ಜೋದು ಬಿಗಿಯಾಗಿ ಹೋಗಬೇಕು, ಎಣ್ಣೆಯದು ತೆಳುವಾಗಿ ಸವರಿಕೊಂಡು ಹೋಗಬೇಕು. ಗ್ಯಾಸ್ ಪಿಸ್ಟನ್, ಸಿಲಿಂಡರ್ ಮಾತ್ರ ಒರೆಸಿ ಒಣಗಿಸಿಡಬೇಕು. ನಾವು ಒಂದು ರೈಫಲ್‌ನ ಪಿಸ್ಟನ್ ಒರೆಸಲೇ ಇಲ್ಲ. ‘ಎಣ್ಣೆ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ’ ಅಂತ ಮಸಿಯ ಮೇಲೇ ಧಾರಾಳವಾಗಿ ಸುರಿದು ಊಟಕ್ಕೆ ಓಡಿದೆವು.

ಮರುದಿನ ಮೂರನೇ ಡಿಟೇಲ್ ಹೊತ್ತಿಗೆ ಅದೇ ರೈಫಲ್ ನಿಂತಿತು. ಹಿಡಿದಿದ್ದವಳು ನಮ್ಮ ಜೂನಿಯರ್. ಐದರಲ್ಲಿ ಮೂರು ಗುಂಡು ಹಾರಿಸಿದ್ದಳು, ಮೂರೂ ಒಂದೇ ಕಡೆ ಬಿದ್ದಿದ್ದವು. ನಾಲ್ಕನೆಯದಕ್ಕೆ ಬ್ರೀಚ್ ಬ್ಲಾಕ್ ಪೂರ್ತಿ ಹಿಂದೆ ಹೋಗಲಿಲ್ಲ, ಖಾಲಿ ಕೇಸ್ ಅಲ್ಲೇ ಸಿಕ್ಕಿಕೊಂಡಿತು. ಬೇರೆ ರೈಫಲ್ ಕೊಟ್ಟರು. ಅದರ ಗುರಿ ಬೇರೆ, ಗ್ರೂಪಿಂಗ್ ಚೆದುರಿಹೋಯಿತು. ಟೀಮ್ ಸೆಲೆಕ್ಷನ್ನಿನಲ್ಲಿ ಅವಳ ಹೆಸರು ಬರಲಿಲ್ಲ.

ಉಸ್ತಾದ್ ಪಿಸ್ಟನ್ ಹೊರಗೆಳೆದರು. ಎಣ್ಣೆ, ಮಸಿ ಸೇರಿ ಕಾದು, ಒಲೆ ಮೇಲೆ ತಳ ಹಿಡಿದ ಪಾತ್ರೆ ತರ ಆಗಿತ್ತು. ವಿಜಯಪುರ ಕಡೆಯವರು ಅವರು. ಬೈಯಲಿಲ್ಲ. ‘ಎಣ್ಣಿ ಹಚ್ಚ್ರೆಪಾ ಅಂದ್ರ, ಎಣ್ಣಿ ಸ್ನಾನ ಮಾಡ್ಸೀರಲ್ಲ’ ಅಂದರು, ಅಷ್ಟೇ.

ವಾಪಸ್ ಬಂದ ಮೇಲೆ ಓದಿದಾಗ ಗೊತ್ತಾಯಿತು, ಇದೇ ವಿಷಯಕ್ಕೆ ಜೀವಗಳೇ ಹೋಗಿವೆ ಅಂತ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಎಂ-16 ಕೊಟ್ಟಾಗ, ಅದಕ್ಕೆ ಕ್ಲೀನಿಂಗೇ ಬೇಡ ಎನ್ನುವ ನಂಬಿಕೆ ಹಬ್ಬಿತ್ತು. ಕ್ಲೀನಿಂಗ್ ಕಿಟ್ ಸಾಕಷ್ಟು ಇರಲಿಲ್ಲ. ಮದ್ದು ಬದಲಾಗಿ ಮಸಿ ಹೆಚ್ಚಿತ್ತು, ಚೇಂಬರಿಗೆ ಕ್ರೋಮ್ ಲೇಪನವೂ ಇರಲಿಲ್ಲ. ಯುದ್ಧದ ಮಧ್ಯೆ ರೈಫಲ್‌ಗಳು ಜಾಮ್ ಆದವು. 1967ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೇ ತನಿಖೆ ಮಾಡಿತು. ಆಮೇಲೆ ಕ್ರೋಮ್ ಬಂತು, ಕಿಟ್ ಬಂತು. 1968ರಲ್ಲಿ ವಿಲ್ ಐಸ್ನರ್ ಚಿತ್ರ ಬರೆದ ಕಾಮಿಕ್ಸ್ ರೂಪದ ಕೈಪಿಡಿಯೂ ಬಂತು. ಯಂತ್ರ ತಿದ್ದಿದ್ದಷ್ಟೇ ಸಾಲಲಿಲ್ಲ, ಒರೆಸೋದನ್ನೂ ಕಲಿಸಬೇಕಾಯಿತು.

ಮೆಷಿನ್ ಡಿಸೈನ್ ಪೇಪರಿನಲ್ಲಿ ಲೂಬ್ರಿಕೇಶನ್‌ಗೆ ಹತ್ತು ಮಾರ್ಕ್ಸ್ ಬರುತ್ತೆ, ನಾವೂ ಬರೆದು ಬಂದಿದ್ದೀವಿ. ಎಣ್ಣೆ ಎಲ್ಲಿ ಹಾಕಬಾರದು ಅನ್ನೋದನ್ನು ಮಾತ್ರ ಆ ಪಿಸ್ಟನ್ ಕಲಿಸಿತು.

ಆ ಜೂನಿಯರ್‌ಗೆ ತಪ್ಪು ನಮ್ಮದು ಅಂತ ಹೇಳೋಕೆ ನಮಗೆ ಎರಡು ವಾರ ಬೇಕಾಯಿತು. ಕೇಳಿ ಸುಮ್ಮನಿದ್ದಳು. ಆಮೇಲೆ, ‘ಮುಂದಿನ ಕ್ಯಾಂಪಲ್ಲಿ ನನ್ನ ರೈಫಲ್ ನಾನೇ ಕ್ಲೀನ್ ಮಾಡ್ಕೋತೀನಿ ಬಿಡಿ ಅಣ್ಣ’ ಅಂದಳು.