ಔಷಧದ ಚೀಟಿಯ ಆಚೆಗೆ



ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ವೈದ್ಯಕೀಯ ಶಿಬಿರ ನಮಗೆಲ್ಲ ಪರಿಚಿತವೇ. ಭಾನುವಾರದ ಬಲಿಪೂಜೆಯ ನಂತರ ಶಾಲೆಯ ಅಂಗಳದಲ್ಲಿ ಮೇಜು ಹಾಕುತ್ತೇವೆ. ಪಟ್ಟಣದಿಂದ ಬಂದ ವೈದ್ಯರು ರೋಗಿಗಳನ್ನು ಪರೀಕ್ಷಿಸಿ, ಮಾತ್ರೆ ಕೊಟ್ಟು, ಸಂಜೆಗೆ ಹಿಂದಿರುಗುತ್ತಾರೆ. ಆ ಸೇವೆ ದೊಡ್ಡದು. ಆದರೆ ಮರುವರ್ಷವೂ ಅದೇ ತಾಯಿ ಅದೇ ರಕ್ತಹೀನತೆಯೊಡನೆ ಸಾಲಿನಲ್ಲಿ ನಿಂತರೆ, ನಾವು ಮಾಡಿದ್ದು ಸಾಕಾಯಿತೇ?

ಈ ಪ್ರಶ್ನೆ ಹೊಸದಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನ ಜನರೊಡನೆ ಕೂಡಿ 1973ರಲ್ಲಿ ಆರೋಗ್ಯ ಸಹಕಾರ ಸಂಘವೊಂದನ್ನು ಆರಂಭಿಸಿತು. ಹಾಲು ಉತ್ಪಾದಕರು ಹಾಲಿನ ಆದಾಯದಲ್ಲೇ ಅಲ್ಪ ಪಾಲನ್ನು ಚಿಕಿತ್ಸಾಲಯಕ್ಕೆಂದು ತೆಗೆದಿರಿಸಿದರು. ಹೀಗೆ ರೋಗಿಗಳು ದಾನ ಪಡೆಯುವವರಾಗಿ ಉಳಿಯದೆ ಪಾಲುದಾರರಾದರು.

ಅದೇ ಕಾಲೇಜಿನಲ್ಲಿ ಬೋಧಿಸುತ್ತಿದ್ದ ಡಾ. ರವಿ ನಾರಾಯಣ್, ಡಾ. ಥೆಲ್ಮಾ ನಾರಾಯಣ್ ಮತ್ತು ಗೆಳೆಯರು 1984ರಲ್ಲಿ 'ಕಮ್ಯುನಿಟಿ ಹೆಲ್ತ್ ಸೆಲ್' ಎಂಬ ಪುಟ್ಟ ತಂಡವನ್ನು ಕಟ್ಟಿದರು. ಅವರು ಆಸ್ಪತ್ರೆ ಕಟ್ಟಲು ಹೊರಡಲಿಲ್ಲ. ಹಳ್ಳಿಗಳಲ್ಲಿ ದುಡಿಯುತ್ತಿದ್ದ ಸಂಘಸಂಸ್ಥೆಗಳ ಜೊತೆಗೂಡಿ, ರೋಗದ ಬೇರು ಬಡತನದಲ್ಲಿ, ನೀರಿನಲ್ಲಿ, ಕೂಲಿಯಲ್ಲಿ ಎಲ್ಲೆಲ್ಲಿದೆಯೆಂದು ಹುಡುಕಿದರು. ಆ ತಂಡ ಮುಂದೆ 'ಸೊಚಾರ' ಸಂಸ್ಥೆಯಾಯಿತು. 1999ರಲ್ಲಿ ರಾಜ್ಯ ಸರ್ಕಾರ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಆರೋಗ್ಯ ಕಾರ್ಯಪಡೆಯಲ್ಲಿ ಡಾ. ಥೆಲ್ಮಾ ಸದಸ್ಯೆಯಾಗಿದ್ದರು.

ನಮ್ಮ ಮಲೆನಾಡಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಚಳಿಜ್ವರದ ಭಯಕ್ಕೆ ಜನ ಊರು ತೊರೆಯುತ್ತಿದ್ದ ಕಾಲವೊಂದಿತ್ತು. ಕ್ವಿನೈನ್ ಜ್ವರವನ್ನು ಇಳಿಸುತ್ತಿತ್ತು, ಆದರೆ ಸೊಳ್ಳೆ ಹಾಗೆಯೇ ಉಳಿಯುತ್ತಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆಯೇ ಆ ಭಯ ತಗ್ಗಿತು.

ಇಂದಿನ ಬೇರುಗಳು ಬೇರೆ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಲೈನ್ ಮನೆಯೊಂದರಲ್ಲಿ ತುಂಬು ಗರ್ಭಿಣಿಯೊಬ್ಬಳನ್ನು ಕಂಡೆ. "ಆಸ್ಪತ್ರೆಗೆ ಏಕೆ ಹೋಗಿಲ್ಲಮ್ಮ?" ಎಂದು ಕೇಳಿದೆ. "ಹೋದರೆ ಒಂದು ದಿನದ ಕೂಲಿ ಹೋಗುತ್ತೆ ಅಕ್ಕಾ. ಬರುವಾಗ ಕತ್ತಲಾಗುತ್ತೆ, ದಾರಿಯಲ್ಲಿ ಆನೆ" ಎಂದಳು. ಅವಳ ಉತ್ತರದಲ್ಲಿ ಔಷಧದ ಮಾತೇ ಇರಲಿಲ್ಲ. ದೂರದ ಅಸ್ಸಾಮಿನಿಂದ ಬಂದ ಕುಟುಂಬಗಳಿಗೆ ಭಾಷೆಯ ತೊಡಕೂ ಸೇರುತ್ತದೆ. ಮಗುವಿಗೆ ಯಾವ ಲಸಿಕೆ ಆಗಿದೆ, ಯಾವುದು ಉಳಿದಿದೆ ಎಂದು ಹೇಳಲು ಆ ತಾಯಿಗೆ ಮಾತೇ ಸಿಗುವುದಿಲ್ಲ.

ದಯಾಳು ಸಮಾರಿಯದವನು ಗಾಯಕ್ಕೆ ಎಣ್ಣೆ ಹಚ್ಚಿ ಸುಮ್ಮನಾಗಲಿಲ್ಲ. ಗಾಯಾಳುವನ್ನು ಛತ್ರಕ್ಕೆ ಕರೆದೊಯ್ದು, ಮುಂದಿನ ಖರ್ಚನ್ನೂ ವಹಿಸಿಕೊಂಡನು. ನಮ್ಮ ಧರ್ಮಕೇಂದ್ರದ ಮುಂದಿನ ಶಿಬಿರದಲ್ಲಿ ಔಷಧದ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಇರಲಿ. ಅಲ್ಲಿ ಕುಳಿತವರು ಬಂದವರನ್ನು ಕೇಳಲಿ: ಕುಡಿಯುವ ನೀರು ಎಲ್ಲಿಂದ? ಆಸ್ಪತ್ರೆಗೆ ಹೋದ ದಿನ ಕೂಲಿ ಸಿಗುತ್ತದೆಯೇ? ಜೊತೆಗೆ ಬರುವವರು ಯಾರು? ಉತ್ತರಗಳನ್ನು ಬರೆದುಕೊಂಡು ಆಶಾ ಕಾರ್ಯಕರ್ತೆಯರೊಡನೆ, ಪಂಚಾಯಿತಿಯವರೊಡನೆ, ತೋಟದ ಮಾಲೀಕರೊಡನೆ ಮಾತನಾಡೋಣ. ನಮ್ಮಲ್ಲಿ ತೋಟದ ಮಾಲೀಕರೂ ಇದ್ದಾರೆ, ಕೂಲಿಯವರೂ ಇದ್ದಾರೆ. ಒಂದೇ ಪೀಠದ ಮುಂದೆ ಮೊಣಕಾಲೂರುವ ನಮಗೆ ಆ ಮಾತು ಕಷ್ಟವಾಗಬಾರದು.