ಮಲಗಿಕೊಂಡೇ ಹೊರಟವರು

ಕಾಶ್ಮೀರ–ಕನ್ಯಾಕುಮಾರಿ ಸೈಕಲ್ ರೈಡಿನ ಗುಂಪು ಫೋಟೋ ಕಂಡಾಗಲೆಲ್ಲ ನನಗೆ ಸಮಾಜಸೇವಕ ಬಾಬಾ ಆಮ್ಟೆ ನೆನಪಾಗುತ್ತಾರೆ.

1985ರ ಡಿಸೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಅವರು ಕನ್ಯಾಕುಮಾರಿಯಿಂದ ಕಾಶ್ಮೀರದತ್ತ ಹೊರಟರು. ವಯಸ್ಸು ಎಪ್ಪತ್ತು ದಾಟಿತ್ತು. ಬೆನ್ನುಮೂಳೆ ಎಷ್ಟು ಕೆಟ್ಟಿತ್ತೆಂದರೆ ಕೂರುವುದಕ್ಕೇ ಆಗುತ್ತಿರಲಿಲ್ಲ. ನಿಂತಿರಬೇಕು, ಇಲ್ಲವೇ ಮಲಗಬೇಕು. ಹುಡುಗರು ಸೈಕಲ್ ತುಳಿದರು, ಬಾಬಾ ಜತೆಗಿದ್ದ ವಾಹನದಲ್ಲಿ ಹಾಸಿಗೆ ಮೇಲೆ ಮಲಗಿಯೇ ದೇಶದ ಉದ್ದಕ್ಕೂ ಸಾಗಿದರು. ಸಭೆ ಬಂದರೆ ಎದ್ದು ನಿಂತು ಮಾತು. ಪಂಜಾಬ್ ಪ್ರತ್ಯೇಕತಾವಾದದ ಹಿಂಸೆಯಲ್ಲಿ ಹೊತ್ತಿ ಉರಿಯುತ್ತಿದ್ದ ದಿನಗಳವು. ಅಂಥ ಹೊತ್ತಲ್ಲಿ ‘ಭಾರತ ಜೋಡೋ’ (ಭಾರತವನ್ನು ಬೆಸೆಯಿರಿ) ಅನ್ನಲು ಗಟ್ಟಿ ಗುಂಡಿಗೆ ಬೇಕು. ಅಷ್ಟಕ್ಕೇ ನಿಲ್ಲಲಿಲ್ಲ, 1988ರಲ್ಲಿ ಇಟಾನಗರದಿಂದ ಗುಜರಾತಿನ ಓಖಾಕ್ಕೆ ಮತ್ತೆ ಹೊರಟರು.

ಒಬ್ಬರೇ ತುಳಿದರೆ ಬೇಗ ಮುಟ್ಟಬಹುದು, ನಿಜ. ಆದರೆ ಗುಂಪಿನಲ್ಲಿ ಒಬ್ಬರ ಚೈನ್ ಕಳಚಿದರೂ ಎಲ್ಲರೂ ಕಾಲೂರಿ ನಿಲ್ಲಬೇಕು. ಭಾಷೆ ಬಾರದ ಊರಲ್ಲಿ ರಾತ್ರಿ ಕಳೆಯಬೇಕು, ಅಲ್ಲಿಯವರು ಬಡಿಸಿದ್ದನ್ನು ಉಣ್ಣಬೇಕು. ಬಾಬಾ ಸೈಕಲ್ಲನ್ನೇ ಆರಿಸಿಕೊಂಡದ್ದು ಇದಕ್ಕೇ ಇರಬೇಕು ಅಂತ ನನ್ನ ನಂಬಿಕೆ.

ಆ ಯಾತ್ರೆಯಲ್ಲಿ ಪೆಡಲ್ ತುಳಿದ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ದಾರಿಯ ಕಥೆ ಕೇಳಬೇಕು.